ಅತಿಥಿಯ ಎಲೆ, ದ್ವೀಪದ ಕಣಜ

ರಜೆ ಬಂದಿತೆಂದರೆ ಅಜ್ಜನ ಊರಿಗೋ ತೀರ್ಥಕ್ಷೇತ್ರಗಳಿಗೋ ಹೋಗಿಬರುವುದು ನಮ್ಮ ಪಟ್ಟಣವಾಸಿ ಗೃಹಸ್ಥರ ವಾಡಿಕೆಯಾಗಿದ್ದಿತು. ಈಗ ಅವರಲ್ಲಿ ಅನೇಕರು ಕಡಲನ್ನು ದಾಟಿ ದ್ವೀಪಗಳನ್ನು ನೋಡಿಬರಲು ಹೊರಡುತ್ತಿದ್ದಾರೆ. ೨೦೨೪ರ ಜನವರಿಯಲ್ಲಿ ಪ್ರಧಾನಮಂತ್ರಿಗಳು ಲಕ್ಷದ್ವೀಪಕ್ಕೆ ಹೋಗಿ ಅಲ್ಲಿಯ ಕಡಲತೀರದ ಚಿತ್ರಗಳನ್ನು ಪ್ರಕಟಿಸಿದರು. ಅದನ್ನು ಕುರಿತು ಮಾಲ್ಡೀವ್ಸ್ ಸರ್ಕಾರದ ಕೆಲವು ಉಪಮಂತ್ರಿಗಳು ಹಗುರವಾಗಿ ಮಾತನಾಡಿ ಅಮಾನತುಗೊಂಡರು. ಅಂದಿನಿಂದ, ಸ್ವದೇಶದ ದ್ವೀಪವಿರುವಾಗ ಪರದೇಶದ ದ್ವೀಪಕ್ಕೆ ಹೋಗುವುದೇಕೆ ಎಂಬ ಮಾತು ಮನೆಮನೆಯಲ್ಲಿಯೂ ಕೇಳಿಬರುವಂತಾಯಿತು. ಈ ಅಭಿಮಾನವು ಸ್ತುತ್ಯವಾದುದೇ ಸರಿ. ಆದರೆ ಅಭಿಮಾನವು ಟಿಕೇಟು ಕೊಳ್ಳುವುದರೊಡನೆ ಮುಗಿದುಹೋಗತಕ್ಕದ್ದಲ್ಲ. ದ್ವೀಪದಲ್ಲಿ ಇಳಿದು ಊಟಕ್ಕೆ ಕುಳಿತಾಗಲೂ ಅದು ಜಾಗೃತವಾಗಿರಬೇಕು. ಆ ಊಟದ ವಿಷಯವಾಗಿಯೇ ನಾವು ಇಂದು ವಾಚಕರೊಡನೆ ನಾಲ್ಕು ಮಾತುಗಳನ್ನಾಡಲು ಇಚ್ಛಿಸುತ್ತೇವೆ.

ಮೀನೂಟದ ವಿಚಾರವು ಸಂಪಾದಕೀಯ ಪುಟಕ್ಕೆ ತಕ್ಕ ವಿಷಯವೇ ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಶಾಕಾಹಾರಿಗಳಾದ ವಾಚಕರು ಪುಟವನ್ನು ಮಗುಚಲೂಬಹುದು. ಅವರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಇಲ್ಲಿಯ ಪ್ರಶ್ನೆ ಮಾಂಸಾಹಾರ ಯುಕ್ತವೋ ಅಯುಕ್ತವೋ ಎಂಬುದಲ್ಲ. ಸುಮಾರು ಅರುವತ್ತನಾಲ್ಕು ಸಾವಿರ ಮಂದಿ ನಮ್ಮ ದೇಶಬಾಂಧವರು ನಿಂತಿರುವ ನೆಲವು ಅವರ ಕಾಲಡಿಯಲ್ಲಿ ಉಳಿಯುವುದೋ ಇಲ್ಲವೋ ಎಂಬುದೇ ಪ್ರಶ್ನೆ. ಅತಿಥಿಯ ಎಲೆಯ ಮೇಲೆ ಬೀಳುವ ಮೀನಿಗೂ ಆ ನೆಲಕ್ಕೂ ಇರುವ ಸಂಬಂಧವು ಮೇಲುನೋಟಕ್ಕೆ ಕಾಣುವುದಿಲ್ಲವಾದುದರಿಂದಲೇ ಅದನ್ನು ವಿವರಿಸಿ ಹೇಳುವ ಅಗತ್ಯವಿದೆ.

ನಮ್ಮ ಮಿತ್ರರೊಬ್ಬರು, ಸರ್ಕಾರಿ ನೌಕರಿಯಿಂದ ನಿವೃತ್ತರಾದವರು, ಮಗ ಸೊಸೆ ಮೊಮ್ಮಕ್ಕಳೊಡನೆ ಅಗತ್ತಿ ದ್ವೀಪಕ್ಕೆ ಹೋಗಿಬಂದರು. ಬೆಳಿಗ್ಗೆ ಗಾಜಿನ ತಳದ ದೋಣಿಯಲ್ಲಿ ಕುಳಿತು ನೀರಿನೊಳಗಿನ ಹವಳವನ್ನೂ, ಅದರ ನಡುವೆ ಸುಳಿದಾಡುವ ಮೀನುಗಳನ್ನೂ ನೋಡಿದರಂತೆ. ಹಸುರು ನೀಲಿ ಬಣ್ಣದ ಮೈ, ಗಿಳಿಯ ಕೊಕ್ಕಿನಂತಹ ಬಾಯಿ ಇದ್ದ ಒಂದು ಮೀನನ್ನು ಕಂಡು ಮೊಮ್ಮಗಳು ಚಪ್ಪಾಳೆ ತಟ್ಟಿದಳಂತೆ. ಮಧ್ಯಾಹ್ನ ತೀರದ ಊಟದ ಮನೆಯಲ್ಲಿ ಅದೇ ಜಾತಿಯ ಮೀನು ಕೆಂಡದ ಮೇಲೆ ಸುಟ್ಟು, ನಿಂಬೆಯ ಹೋಳಿನೊಡನೆ ತಟ್ಟೆಯಲ್ಲಿ ಬಂದಿತು. ಮಗುವು ಊಟ ಮಾಡಲಿಲ್ಲ. ದ್ವೀಪದವರು ನಿತ್ಯವೂ ತಿನ್ನುವುದು ಇದನ್ನೇ ಏನೆಂದು ಮಿತ್ರರು ಬಡಿಸುವವನನ್ನು ಕೇಳಿದರು. ಅವನು ಸಂಕೋಚದಿಂದ, "ಇಲ್ಲ ಸಾರ್, ನಾವು ಮನೆಯಲ್ಲಿ ತಿನ್ನುವುದು ಚೂರ. ದೂರದಿಂದ ಬಂದ ನಿಮಗೆ ಅದನ್ನು ಬಡಿಸಿದರೆ ಮರ್ಯಾದೆಯಾಗುವುದೇ?" ಎಂದನಂತೆ. ಆ ಹುಡುಗನ ಮಾತಿನಲ್ಲಿ ದ್ವೀಪದ ಸಮಸ್ಯೆಯೆಲ್ಲವೂ ಅಡಗಿದೆ. ಆತಿಥ್ಯದ ಸೌಜನ್ಯದಿಂದಲೇ ಅವನು ತನ್ನ ಮನೆಯ ಗೋಡೆಯ ಕಲ್ಲನ್ನು ಕಿತ್ತು ನಮಗೆ ಬಡಿಸುತ್ತಿದ್ದಾನೆ. ನಾವು ಅದನ್ನು ತಿಳಿಯದೆ ಚಪ್ಪರಿಸುತ್ತಿದ್ದೇವೆ.

ಈ ಮಾತು ಅತಿಶಯೋಕ್ತಿಯಲ್ಲವೆಂಬುದು ದ್ವೀಪಗಳ ರಚನೆಯನ್ನು ತಿಳಿದರೆ ಮನವರಿಕೆಯಾಗುವುದು. ಲಕ್ಷದ್ವೀಪವು ಮೂವತ್ತಾರು ಸಣ್ಣ ದ್ವೀಪಗಳ ಸಮೂಹ. ಜನವಸತಿ ಇರುವುದು ಹತ್ತರಲ್ಲಿ. ಒಟ್ಟು ನೆಲ ಕೇವಲ ೩೨ ಚದರ ಕಿಲೋಮೀಟರು; ಎಂದರೆ ನಮ್ಮ ಸಾಧಾರಣ ಹೋಬಳಿಗಿಂತಲೂ ಕಡಿಮೆ. ಆದರೆ ಹವಳದ ದಂಡೆಗಳ ಒಳಗೆ ಸೆರೆಯಾದ, ಲಗೂನ್ ಎಂದು ಕರೆಯುವ ಶಾಂತವಾದ ಒಳಗಡಲು ಸುಮಾರು ೪,೨೦೦ ಚದರ ಕಿಲೋಮೀಟರು. ಈ ದ್ವೀಪಗಳಲ್ಲಿ ಬೆಟ್ಟವಿಲ್ಲ, ಹೊಳೆಯಿಲ್ಲ, ಕಪ್ಪು ಮಣ್ಣಿಲ್ಲ, ಕೆಂಪು ಮಣ್ಣಿಲ್ಲ. ಇರುವುದೆಲ್ಲವೂ ಹವಳದ ಪುಡಿ. ಸಮುದ್ರಮಟ್ಟಕ್ಕಿಂತ ಕೆಲವೇ ಅಡಿಗಳಷ್ಟು ಎತ್ತರವಾಗಿರುವ ಈ ಮರಳಿನ ಪಟ್ಟಿಗಳನ್ನು ಮುಂಗಾರಿನ ತೆರೆಗಳಿಂದ ಕಾಪಾಡುತ್ತಿರುವುದು ಮನುಷ್ಯನು ಕಟ್ಟಿದ ಕೋಟೆಯಲ್ಲ. ಸುತ್ತಲೂ ನೀರಿನಲ್ಲಿ ಮುಳುಗಿರುವ ಜೀವಂತ ಹವಳದ ದಂಡೆ. ಹೊರಗಡಲಿನ ತೆರೆಯು ಆ ದಂಡೆಗೆ ಅಪ್ಪಳಿಸಿ ಬಲಗುಂದಿ ಒಳಗೆ ಬರುತ್ತದೆ. ದಂಡೆಯು ಸತ್ತು ಸವೆದರೆ ತೆರೆಯು ನೇರವಾಗಿ ಊರಿಗೆ ಬರುತ್ತದೆ. ಬಂಗಾರಂ ದ್ವೀಪದ ನೆರೆಯಲ್ಲಿದ್ದ ಪರಳಿ ಎಂಬ ಜನವಸತಿಯಿಲ್ಲದ ಕಿರುದ್ವೀಪಗಳಲ್ಲೊಂದು ಸವೆದು ಸಂಪೂರ್ಣವಾಗಿ ನೀರಿನ ಪಾಲಾಗಿದೆಯೆಂದು ೨೦೧೭ರಲ್ಲಿ ಸಂಶೋಧಕರು ಪ್ರಕಟಿಸಿದ್ದನ್ನು ಇಲ್ಲಿ ಸ್ಮರಿಸಬೇಕು.

ಕನ್ನಡಿಗರಿಗೆ ಈ ದ್ವೀಪಗಳು ಹೊರಗಿನವಲ್ಲವೆಂಬುದನ್ನು ಇಂದಿನ ತರುಣರಲ್ಲಿ ಬಹುಮಂದಿ ಅರಿಯರು. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಐದು ದ್ವೀಪಗಳಿಗೆ ಅಮಿನ್‌ದೀವಿ ದ್ವೀಪಗಳೆಂದು ಹೆಸರು. ೧೭೮೭ರಲ್ಲಿ ಅವು ಕಣ್ಣಾನೂರಿನ ಅರಕ್ಕಲ್ ಮನೆತನದಿಂದ ಟಿಪ್ಪು ಸುಲ್ತಾನನ ಅಧೀನಕ್ಕೆ ಬಂದವು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಕುಂಪಣಿ ಸರ್ಕಾರವು ಅವನ್ನು ವಶಪಡಿಸಿಕೊಂಡು ಕನ್ನಡ ಜಿಲ್ಲೆಗೆ ಸೇರಿಸಿತು. ಅಲ್ಲಿಂದ ೧೯೫೬ರವರೆಗೆ ಅವು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿಯೇ ಇದ್ದು, ಮಂಗಳೂರಿನ ಕಲೆಕ್ಟರರ ಆಡಳಿತಕ್ಕೆ ಒಳಪಟ್ಟಿದ್ದವು. ೧೯೫೬ರ ನವೆಂಬರ್ ಒಂದರಂದು ನಾವು ಕರ್ನಾಟಕದ ಏಕೀಕರಣದ ಹಬ್ಬವನ್ನು ಆಚರಿಸಿದೆವಷ್ಟೆ. ಅದೇ ದಿನ ಈ ಐದು ದ್ವೀಪಗಳು ನಮ್ಮ ಜಿಲ್ಲೆಯಿಂದ ಬೇರ್ಪಟ್ಟು ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದವು. ಆ ಪ್ರದೇಶಕ್ಕೆ ಲಕ್ಷದ್ವೀಪವೆಂಬ ಹೆಸರು ಬಂದುದು ೧೯೭೩ರಲ್ಲಿ.

ಆಡಳಿತದ ಸಂಬಂಧ ಹೀಗಿದ್ದರೆ, ವ್ಯಾಪಾರದ ಸಂಬಂಧವು ಅದಕ್ಕಿಂತಲೂ ಆಪ್ತವಾಗಿದ್ದಿತು. ದ್ವೀಪದ ಓಡಗಳು ತೆಂಗಿನ ಹುರಿ, ಕಾಯಿ, ಬೆಲ್ಲಗಳನ್ನು ತುಂಬಿಕೊಂಡು ಗಾಳಿಯನ್ನು ನೋಡಿ ಮಂಗಳೂರಿನ ಬಂದರಿಗೆ ಬರುತ್ತಿದ್ದವು. ಅಕ್ಕಿಯನ್ನೂ ಬಟ್ಟೆಬರೆಯನ್ನೂ ಒಯ್ಯುತ್ತಿದ್ದವು. ಆದರೆ ಈ ವ್ಯಾಪಾರದಲ್ಲಿ ದ್ವೀಪದವನಿಗೆ ಸ್ವಾತಂತ್ರ್ಯವಿರಲಿಲ್ಲ. ಹುರಿಯ ವ್ಯಾಪಾರವು ಸರ್ಕಾರದ ಏಕಸ್ವಾಮ್ಯವಾಗಿದ್ದಿತು. ಬೆಲೆಯನ್ನು ಕಟ್ಟುವವರು ಸರ್ಕಾರದವರು, ಅದಕ್ಕೆ ಪ್ರತಿಯಾಗಿ ಅಕ್ಕಿಯನ್ನು ಅಳೆದು ಕೊಡುವವರೂ ಅವರೇ. ದೂರದ ಕೊಳ್ಳುವವನು ತನಗೆ ಬೇಕಾದುದನ್ನು ತನ್ನ ಬೆಲೆಗೆ ಕೇಳುತ್ತಾ ಹೋದರೆ ದ್ವೀಪದ ಬಾಳು ಹೇಗೆ ಅವನ ಮರ್ಜಿಗೆ ಬಾಗಬೇಕಾಗುವುದೆಂಬ ಪಾಠವು ಅಲ್ಲಿಯವರಿಗೆ ಹೊಸದಲ್ಲ. ಅಂದು ಕೊಳ್ಳುವವನು ಕುಂಪಣಿ. ಇಂದು ಕೊಳ್ಳುವವನು ರಜೆಯ ಅತಿಥಿ. ಅಂದು ಹುರಿ, ಇಂದು ಮೀನು. ಅತಿಥಿಯು ಕುಂಪಣಿಯವನಂತೆ ವರ್ತಿಸಬಾರದೆಂಬುದೇ ನಮ್ಮ ಆಶಯ.

ದ್ವೀಪದ ಸುತ್ತ ಸಿಕ್ಕುವ ಮೀನುಗಳಲ್ಲಿ ಎರಡು ವರ್ಗಗಳುಂಟು. ಹೊರಗಡಲಿನಲ್ಲಿ ಹಿಂಡುಹಿಂಡಾಗಿ ಸಂಚರಿಸುವ ಮೀನು ಒಂದು ವರ್ಗ. ಹವಳದ ದಂಡೆಯನ್ನೇ ಮನೆಯಾಗಿ ಮಾಡಿಕೊಂಡು ಅಲ್ಲಿಯೇ ಬಾಳುವ ಮೀನು ಇನ್ನೊಂದು ವರ್ಗ. ಮೊದಲನೆಯದರಲ್ಲಿ ಮುಖ್ಯವಾದುದು ಟ್ಯೂನಾ, ಅದರಲ್ಲಿಯೂ ಮೈಮೇಲೆ ಗೆರೆಗಳುಳ್ಳ ಸಣ್ಣ ಜಾತಿಯದು. ಇದನ್ನೇ ದ್ವೀಪದವರು ಚೂರ ಎಂದು ಕರೆಯುವುದು. ಈ ಮೀನು ಬೇಗನೆ ಬೆಳೆಯುತ್ತದೆ. ಒಂದೆರಡು ವರ್ಷಗಳೊಳಗೇ ಮರಿ ಮಾಡುವ ಪ್ರಾಯಕ್ಕೆ ಬಂದು ಲಕ್ಷಗಟ್ಟಲೆ ಮೊಟ್ಟೆಗಳನ್ನಿಡುತ್ತದೆ. ಇಡೀ ಮಹಾಸಾಗರವೇ ಅದರ ಸಂಚಾರಸ್ಥಾನವಾದುದರಿಂದ ಒಂದು ದ್ವೀಪದವರು ಗಾಳ ಹಾಕಿ ಹಿಡಿದರೆ ಅದರ ಸಂತತಿಗೆ ಕುಂದು ಬಾರದು. ಹಿಂದೂ ಮಹಾಸಾಗರದ ಟ್ಯೂನಾ ಆಯೋಗವು ೨೦೨೩ರಲ್ಲಿ ಲೆಕ್ಕ ಹಾಕಿದಾಗಲೂ ಈ ಜಾತಿಯು ಮಿತಿಮೀರಿದ ಹಿಡಿತಕ್ಕೆ ಸಿಕ್ಕಿಲ್ಲವೆಂದೇ ಕಂಡುಬಂದಿತು.

ಚೂರವನ್ನು ಹಿಡಿಯುವ ಕ್ರಮವನ್ನು ವಾಚಕರು ಒಮ್ಮೆ ತಿಳಿಯತಕ್ಕದ್ದು. ಏಕೆಂದರೆ ಇದು ಮಿನಿಕಾಯ್ ದ್ವೀಪದವರು ತಲೆತಲಾಂತರದಿಂದ ಕಾಪಾಡಿಕೊಂಡು ಬಂದಿರುವ ವಿದ್ಯೆ. ಮೀನುಗಾರಿಕೆ ಇಲಾಖೆಯು ೧೯೬೦ರ ದಶಕದಲ್ಲಿ ಯಂತ್ರದ ದೋಣಿಗಳನ್ನು ಒದಗಿಸಿ ಅದನ್ನು ಇತರ ದ್ವೀಪಗಳಿಗೂ ಹರಡಿತು. ಬೆಳಿಗ್ಗೆ ದೋಣಿಯು ಮೊದಲು ಒಳಗಡಲಿನಲ್ಲಿ ಹವಳದ ಬಳಿ ನಿಂತು, ಬೆರಳುದ್ದದ ಬೆಳ್ಳಿಬಣ್ಣದ ಮರಿಮೀನುಗಳನ್ನು ಬಲೆಯಿಂದ ಎತ್ತಿ, ನೀರು ತುಂಬಿದ ತೊಟ್ಟಿಯಲ್ಲಿ ಜೀವಂತವಾಗಿ ಇಟ್ಟುಕೊಳ್ಳುತ್ತದೆ. ಬಳಿಕ ಹೊರಗಡಲಿಗೆ ಹೋಗಿ, ಹಕ್ಕಿಗಳ ಹಾರಾಟದ ಗುರುತಿನಿಂದ ಚೂರದ ಹಿಂಡನ್ನು ಕಂಡುಹಿಡಿದು, ಆ ಮರಿಮೀನುಗಳನ್ನು ಎರಚುತ್ತಾರೆ. ದೋಣಿಯ ಹಿಂಬದಿಯಿಂದ ನೀರನ್ನು ಚಿಮುಕಿಸುತ್ತಾರೆ. ಮರಿಮೀನುಗಳೇ ಕುಣಿಯುತ್ತಿವೆಯೆಂದು ಭ್ರಮಿಸಿ ಹಿಂಡು ಮೇಲಕ್ಕೆ ನುಗ್ಗುತ್ತದೆ. ಸಾಲಾಗಿ ನಿಂತ ಬೆಸ್ತರು ಮುಳ್ಳಿನ ಕೊಂಡಿಯಿಲ್ಲದ ಗಾಳವನ್ನು ನೀರಿಗೆ ತಾಕಿಸಿ, ಮೀನನ್ನು ತಲೆಯ ಮೇಲಿಂದ ಹಾರಿಸಿ ದೋಣಿಯೊಳಗೆ ಕೆಡವುತ್ತಾರೆ. ಒಂದು ಗಾಳಕ್ಕೆ ಒಂದು ಮೀನು. ಆಮೆಯಾಗಲಿ, ಹಂದಿಮೀನಾಗಲಿ, ಬೇಡದ ಮರಿಗಳಾಗಲಿ ಸಿಕ್ಕಿ ಸಾಯುವ ಪ್ರಸಂಗವೇ ವಿರಳ. ಸಮುದ್ರದ ತಳವನ್ನು ಕೆರೆಯುವ ದೊಡ್ಡ ಬಲೆಗಳನ್ನು ನೋಡಿದವರಿಗೆ ಈ ಕ್ರಮವು ಎಷ್ಟು ನ್ಯಾಯವಾದುದೆಂದು ಹೇಳಬೇಕಾಗಿಲ್ಲ.

ಮಿಕ್ಕ ಚೂರವನ್ನು ಬೇಯಿಸಿ, ಹೊಗೆಯಾಡಿಸಿ, ಬಿಸಿಲಿನಲ್ಲಿ ಕಟ್ಟಿಗೆಯಂತೆ ಗಟ್ಟಿಯಾಗುವವರೆಗೆ ಒಣಗಿಸಿ ಮಾಸ್‌ಮೀನು ಎಂದು ಇಟ್ಟುಕೊಳ್ಳುತ್ತಾರೆ. ಮಾಸ್ ಪೊಡಿಚ್ಚದು ಎಂಬುದು ಅದನ್ನು ಕುಟ್ಟಿ, ತೆಂಗಿನ ತುರಿ, ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಅರಸಿನಗಳೊಡನೆ ಬೆರಸಿ ಅನ್ನಕ್ಕೆ ಬಡಿಸುವ ಪದಾರ್ಥ. ಜಪಾನಿನವರು ಇದೇ ಜಾತಿಯ ಮೀನನ್ನು ಇದೇ ರೀತಿ ಹೊಗೆಯಾಡಿಸಿ ಒಣಗಿಸಿ, ತಮ್ಮ ಸಾರುಗಳಿಗೆಲ್ಲ ಮೂಲವಾಗಿ ಬಳಸುತ್ತಾರೆ. ಲೋಕದ ದೊಡ್ಡ ಹೋಟೆಲುಗಳವರು ಅದನ್ನು ಬೆಲೆ ತೆತ್ತು ತರಿಸುತ್ತಾರೆ. ಅಲ್ಲಿ ಗೌರವಕ್ಕೆ ಪಾತ್ರವಾದ ವಸ್ತುವು ನಮ್ಮ ದ್ವೀಪದಲ್ಲಿ ಅತಿಥಿಗೆ ಬಡಿಸಲು ನಾಚಿಕೆಪಡುವ ವಸ್ತುವಾಗಿರುವುದು ಯಾವ ನ್ಯಾಯ? ಸ್ವಂತದ್ದನ್ನು ಹೀನವೆಂದು ಭಾವಿಸುವ ಈ ಹಳೆಯ ರೋಗವನ್ನು ಬಟ್ಟೆಯ ವಿಷಯದಲ್ಲಿ ಒಮ್ಮೆ ಗೆದ್ದವರು ನಾವು. ಊಟದ ವಿಷಯದಲ್ಲಿಯೂ ಅದನ್ನು ಗೆಲ್ಲಬೇಕಾಗಿದೆ.

ಎರಡನೆಯ ವರ್ಗದ ಮೀನುಗಳ ಕಥೆ ಬೇರೆ. ನಮ್ಮ ಕರಾವಳಿಯವರು ಮುರು ಎಂದು ಕರೆಯುವ ಜಾತಿಯ ದಂಡೆಮೀನುಗಳು ನಿಧಾನವಾಗಿ ಬೆಳೆಯುತ್ತವೆ. ಅವುಗಳಲ್ಲಿ ಬಹುತೇಕ ಜಾತಿಗಳು ಹೆಣ್ಣಾಗಿ ಬಾಳನ್ನು ಆರಂಭಿಸಿ, ದೊಡ್ಡವಾದ ಮೇಲೆ ಗಂಡಾಗಿ ಮಾರ್ಪಡುತ್ತವೆ. ಆದುದರಿಂದ ತಟ್ಟೆಗೆ ಒಪ್ಪುವ ದೊಡ್ಡ ಮೀನುಗಳನ್ನೇ ಆರಿಸಿ ಹಿಡಿದರೆ ಸಂತಾನಕ್ಕೆ ಗಂಡುಗಳೇ ಇಲ್ಲದಂತಾಗುವುದು. ವರ್ಷದಲ್ಲಿ ಕೆಲವೇ ದಿನಗಳು, ಅಮಾವಾಸ್ಯೆಯ ಆಸುಪಾಸಿನಲ್ಲಿ, ಅವು ಒಂದು ಗೊತ್ತಾದ ಸ್ಥಳದಲ್ಲಿ ಮೊಟ್ಟೆಯಿಡಲು ನೆರೆಯುವುದುಂಟು. ನಮ್ಮ ಹಳೆಯ ಅಮಿನ್‌ದೀವಿ ದ್ವೀಪಗಳಲ್ಲಿ ಅತ್ಯಂತ ಚಿಕ್ಕದಾದ ಬಿತ್ರಾದ ಬಳಿ ಅಂತಹ ದೊಡ್ಡ ಜಾತ್ರೆಯೊಂದನ್ನು ಸಂಶೋಧಕರು ಗುರುತಿಸಿದ್ದಾರೆ. ಸ್ಥಳವೂ ಕಾಲವೂ ತಿಳಿದ ದೋಣಿಗೆ ಇಂತಹ ಜಾತ್ರೆಯು ಸುಲಭವಾದ ಬೇಟೆ. ಕೆಲವೇ ಋತುಗಳಲ್ಲಿ ಅದನ್ನು ಬರಿದುಮಾಡಬಹುದು. ಮಾಲ್ಡೀವ್ಸಿನಲ್ಲಿ ೧೯೯೦ರ ದಶಕದಲ್ಲಿ ರಫ್ತಿಗಾಗಿ ಈ ಮೀನಿನ ಬೇಟೆ ಆರಂಭವಾಗಿ, ಹೆಚ್ಚು ಕಾಲ ಹೋಗದೆ ಮೀನು ಕ್ಷೀಣಿಸುತ್ತ ಬಂದಿತು. ನೆರೆಮನೆಯ ಈ ಅನುಭವವು ನಮ್ಮ ಕಣ್ಣ ಮುಂದೆಯೇ ಇದೆ.

ಗಿಳಿಮೀನಿನ ಕೆಲಸವು ಇನ್ನೂ ಮಹತ್ವದ್ದು. ಅದು ತನ್ನ ಗಟ್ಟಿಯಾದ ಕೊಕ್ಕಿನಿಂದ ಹವಳದ ಮೇಲೆ ಬೆಳೆದ ಪಾಚಿಯನ್ನು ಕೆರೆದು ತಿನ್ನುತ್ತದೆ. ಅದರೊಡನೆ ನುಂಗಿದ ಸುಣ್ಣದ ಕಲ್ಲನ್ನು ಅರೆದು ಬಿಳಿಯ ಮರಳಾಗಿ ವಿಸರ್ಜಿಸುತ್ತದೆ. ಪ್ರವಾಸಿಗನು ಬರಿಗಾಲಿನಲ್ಲಿ ನಡೆದು ಆನಂದಿಸುವ ಬಿಳಿಯ ಮರಳಿನಲ್ಲಿ ಗಣನೀಯವಾದ ಭಾಗವು ಈ ಮೀನಿನ ಹೊಟ್ಟೆಯಿಂದ ಬಂದುದೆಂದರೆ ಆಶ್ಚರ್ಯವಾಗಬಹುದು. ಆದರೆ ಅದು ಸತ್ಯ. ಪಾಚಿಯನ್ನು ಕೆರೆಯುವುದರ ಪ್ರಯೋಜನವು ಮರಳಿಗಿಂತಲೂ ದೊಡ್ಡದು. ಸಮುದ್ರದ ನೀರು ಮಿತಿಮೀರಿ ಕಾದಾಗ ಹವಳವು ತನ್ನೊಳಗೆ ವಾಸಿಸಿ ತನಗೆ ಆಹಾರವನ್ನೂ ಬಣ್ಣವನ್ನೂ ಕೊಡುವ ಸೂಕ್ಷ್ಮ ಸಸ್ಯಗಳನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ತಾಪವು ಇಳಿಯದಿದ್ದರೆ ಹಸಿದು ಸಾಯುತ್ತದೆ. ಲಕ್ಷದ್ವೀಪದಲ್ಲಿ ೧೯೯೮, ೨೦೧೦, ೨೦೧೬ನೆಯ ಇಸವಿಗಳಲ್ಲಿ ಹೀಗಾಯಿತು. ೨೦೨೪ರಲ್ಲಿ ಮತ್ತೆ ಆಯಿತು. ಅಗತ್ತಿ, ಕದ್ಮತ್, ಕವರತ್ತಿಗಳ ದಂಡೆಗಳನ್ನು ಇಪ್ಪತ್ತನಾಲ್ಕು ವರ್ಷ ಅಳೆದು ನೋಡಿದವರು, ೧೯೯೮ರಲ್ಲಿದ್ದ ಜೀವಂತ ಹವಳವು ೨೦೨೨ರ ವೇಳೆಗೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿದೆಯೆಂದು ಕಂಡುಕೊಂಡಿದ್ದಾರೆ. ಸತ್ತ ಹವಳದ ಮೇಲೆ ಪಾಚಿ ಕವಿದರೆ ಹೊಸ ಹವಳದ ಮರಿಗಳಿಗೆ ಊರಿಕೊಳ್ಳಲು ಸ್ಥಳವಿಲ್ಲ. ಆ ಸ್ಥಳವನ್ನು ಗುಡಿಸಿ ಸಾರಿಸಿ ಸಿದ್ಧಮಾಡಿಕೊಡುವುದು ಗಿಳಿಮೀನು ಮತ್ತು ಅದರಂತೆ ಪಾಚಿ ಮೇಯುವ ಇತರ ಮೀನುಗಳು. ಸಮುದ್ರದ ತಾಪವನ್ನು ಇಳಿಸುವುದು ಒಬ್ಬ ಪ್ರವಾಸಿಗನಿಂದ ಆಗತಕ್ಕ ಕಾರ್ಯವಲ್ಲ. ಆದರೆ ಬೇನೆಬಿದ್ದ ಮನೆಯ ಶುಶ್ರೂಷೆ ಮಾಡುವವರನ್ನೇ ಸುಟ್ಟು ತಿನ್ನದೆ ಇರುವುದು ಅವನಿಂದ ಸಾಧ್ಯ.

ಚೂರಕ್ಕೂ ದಂಡೆಗೂ ಸಂಬಂಧವಿಲ್ಲವೆಂದು ಭಾವಿಸಬಾರದು. ಚೂರವನ್ನು ಸೆಳೆಯುವ ಆ ಬೆಳ್ಳಿಯ ಮರಿಮೀನುಗಳು ದೊರೆಯುವುದು ಒಳಗಡಲಿನ ಹವಳದ ಆಶ್ರಯದಲ್ಲಿಯೇ. ದಂಡೆ ಕೆಟ್ಟರೆ ಮರಿಮೀನಿಲ್ಲ. ಮರಿಮೀನಿಲ್ಲದಿದ್ದರೆ ಹೊರಗಡಲಿನಲ್ಲಿ ಚೂರವಿದ್ದೂ ಗಾಳಕ್ಕೆ ಬಾರದು. ದ್ವೀಪದ ಜೀವನವೆಲ್ಲವೂ ಹೀಗೆ ಒಂದೇ ಗಂಟಿನಲ್ಲಿ ಕಟ್ಟಲ್ಪಟ್ಟಿದೆ.

ಈಗ ಪ್ರತಿವಾದಿಗಳ ಮಾತನ್ನು ಕೇಳೋಣ. ದ್ವೀಪದವರೂ ದಂಡೆಯ ಮೀನನ್ನು ತಿನ್ನುವುದಿಲ್ಲವೇ, ಅತಿಥಿ ತಿಂದರೆ ಮಾತ್ರ ದೋಷವೇ ಎಂದು ಅವರು ಕೇಳುವರು. ತಿನ್ನುತ್ತಾರೆ, ನಿಜ. ಆದರೆ ಯಾವಾಗ ತಿನ್ನುತ್ತಾರೆಂಬುದನ್ನು ನೋಡಬೇಕು. ಮುಂಗಾರಿನ ತಿಂಗಳುಗಳಲ್ಲಿ ಹೊರಗಡಲು ಕೆರಳಿ ಚೂರದ ದೋಣಿಗಳು ದಡಕ್ಕೇರುತ್ತವೆ. ದೇಶದಿಂದ ಬರುವ ಹಡಗುಗಳೂ ಅನಿಶ್ಚಿತವಾಗುತ್ತವೆ. ಆ ಕಾಲದಲ್ಲಿ ಒಳಗಡಲಿನ ಮೀನೂ, ಮನೆಯಲ್ಲಿ ಒಣಗಿಸಿಟ್ಟ ಮಾಸ್‌ಮೀನೂ ಅವರ ಜೀವನಾಧಾರ. ನಮ್ಮ ರೈತನಿಗೆ ಕಣಜವು ಹೇಗೋ ದ್ವೀಪದವನಿಗೆ ದಂಡೆಯು ಹಾಗೆ. ಪ್ರವಾಸಿಗಳು ಹೋಗುವುದು ಅಕ್ಟೋಬರಿನಿಂದ ಮೇವರೆಗೆ. ಎಂದರೆ ಹೊರಗಡಲು ಶಾಂತವಾಗಿ, ಚೂರವು ಧಾರಾಳವಾಗಿ ಸಿಕ್ಕುವ ಕಾಲದಲ್ಲಿಯೇ. ಸುಗ್ಗಿಯ ದಿನಗಳಲ್ಲಿ ಬಂದ ನೆಂಟನಿಗೆ ಕಣದ ಹೊಸ ಧಾನ್ಯವನ್ನು ಬಡಿಸುವುದು ಬಿಟ್ಟು, ಮಳೆಗಾಲಕ್ಕೆಂದು ಮುಚ್ಚಿಟ್ಟ ಕಣಜವನ್ನು ಒಡೆದು ಬಡಿಸುವ ಗೃಹಸ್ಥನನ್ನು ನಾವು ಏನೆನ್ನುತ್ತೇವೆ? ಕಣಜವನ್ನು ಒಡೆಯಿಸಿ ಉಣ್ಣುವ ನೆಂಟನನ್ನು ಇನ್ನೇನೆನ್ನುತ್ತೇವೆ? ಮನೆಯವರು ವಾರಕ್ಕೊಮ್ಮೆ ತರುವ ನಾಲ್ಕು ಮೀನಿಗೂ, ವಸತಿಗೃಹವೊಂದು ದಿನದಿನವೂ ಬುಟ್ಟಿಗಟ್ಟಲೆ ಕೇಳುವ ಮೀನಿಗೂ ಇರುವ ಅಂತರವನ್ನು ಅರಿಯಲು ಗಣಿತಶಾಸ್ತ್ರ ಬೇಕಾಗಿಲ್ಲ.

ಬೆಸ್ತನಿಗೆ ದಂಡೆಯ ಮೀನಿನಿಂದ ನಾಲ್ಕು ಕಾಸು ಹೆಚ್ಚು ದೊರೆತರೆ ಅದನ್ನು ತಡೆಯುವುದು ಬಡವನ ಹೊಟ್ಟೆಯ ಮೇಲೆ ಹೊಡೆದಂತಲ್ಲವೇ ಎಂಬುದು ಎರಡನೆಯ ಆಕ್ಷೇಪ. ಇದು ತೂಕವುಳ್ಳ ಆಕ್ಷೇಪ. ಇದನ್ನು ಬರಿಯ ಉಪದೇಶದಿಂದ ತಳ್ಳಿಹಾಕಲಾಗದು. ಚೂರಕ್ಕೆ ನ್ಯಾಯವಾದ ಬೆಲೆ ದೊರೆಯುವಂತೆ ಮಾಡುವುದೇ ಇದಕ್ಕೆ ಉತ್ತರ. ಚೂರವು ಬೇಗನೆ ಕೆಡುವ ಮೀನು. ಹಿಡಿದ ಕ್ಷಣದಿಂದ ಮಂಜುಗಡ್ಡೆಯಲ್ಲಿ ಇಡದಿದ್ದರೆ ಅದರ ರುಚಿಯೂ ಬೆಲೆಯೂ ಇಳಿದುಹೋಗುವುವು. ಸರಿಯಾಗಿ ಇಡದ ಚೂರವನ್ನು ತಿಂದವರಿಗೆ ಮೈ ಕೆಂಪಾಗಿ ತುರಿಕೆ ಬರುವುದೂ ಉಂಟು. ದೋಣಿಯಲ್ಲಿ ಮಂಜುಗಡ್ಡೆ, ದಡದಲ್ಲಿ ಶೈತ್ಯಾಗಾರ, ಮಾಸ್‌ಮೀನನ್ನು ಶುಚಿಯಾಗಿ ಒಣಗಿಸಿ ಕಟ್ಟುವ ವ್ಯವಸ್ಥೆ, ಈ ಮೂರೂ ಇದ್ದಲ್ಲಿ ಬೆಸ್ತನು ತಾನಾಗಿಯೇ ಹೊರಗಡಲಿನ ಕಡೆಗೆ ಮುಖ ತಿರುಗಿಸುವನು. ಅತಿಥಿಯು ಚೂರವನ್ನೇ ಕೇಳಿ, ಕೇಳಿದ್ದಕ್ಕೆ ಬೆಲೆ ಕೊಡುವುದು ಆ ವ್ಯವಸ್ಥೆಗೆ ಬಲವನ್ನು ಕೊಡುವುದು.

ಕಾರ್ಯಭಾರವು ಯಾರು ಯಾರದು? ಮೊದಲನೆಯದು ಅಧಿಕಾರಿಗಳದು. ಮಿನಿಕಾಯ್, ಸುಹೇಲಿ, ಕದ್ಮತ್‌ಗಳಲ್ಲಿ ನೀರಿನ ಮೇಲೆ ಕುಟೀರಗಳುಳ್ಳ ದೊಡ್ಡ ವಸತಿಗೃಹಗಳನ್ನು ಕಟ್ಟಿಸುವ ಯೋಜನೆಗಳು ಸಿದ್ಧವಾಗಿವೆ. ದ್ವೀಪಗಳು ಎಷ್ಟು ಭಾರವನ್ನು ತಾಳಬಲ್ಲವೆಂಬುದನ್ನು ವಿಚಾರಿಸಲು ೨೦೧೨ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿವೃತ್ತ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿಯನ್ನು ನೇಮಿಸಿದ್ದಿತು. ಅವರು ಹಿಂದೆ ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿಯೇ ನ್ಯಾಯಾಧೀಶರಾಗಿದ್ದವರು. ಕೊಠಡಿಗಳೆಷ್ಟು, ಕುಡಿಯುವ ನೀರೆಷ್ಟು, ಕಸವೆಲ್ಲಿಗೆ ಎಂಬ ಪ್ರಶ್ನೆಗಳು ಇಂತಹ ವಿಚಾರಣೆಗಳಲ್ಲಿ ಸಹಜವಾಗಿ ಬರುತ್ತವೆ. ಅಡಿಗೆಮನೆಗೆ ಬರುವ ಮೀನು ಯಾವುದು, ಎಲ್ಲಿಯದು ಎಂಬ ಪ್ರಶ್ನೆಯೂ ಅವುಗಳ ಸಾಲಿನಲ್ಲಿಯೇ ಸೇರಬೇಕು. ವಸತಿಗೃಹಕ್ಕೆ ಅಪ್ಪಣೆಚೀಟಿ ಕೊಡುವಾಗಲೇ, ಗಿಳಿಮೀನು ಮುರುಮೀನುಗಳನ್ನು ಕೊಳ್ಳತಕ್ಕದ್ದಲ್ಲ, ಚೂರವನ್ನು ದ್ವೀಪದ ದೋಣಿಗಳಿಂದ ಪ್ರಕಟಿತವಾದ ಬೆಲೆಗೆ ಕೊಳ್ಳತಕ್ಕದ್ದು ಎಂಬ ಷರತ್ತನ್ನು ಬರೆಯುವುದರಿಂದ ಬೊಕ್ಕಸಕ್ಕೆ ಒಂದು ಬಿಡಿಕಾಸಿನ ವೆಚ್ಚವೂ ಇಲ್ಲ.

ಆದರೆ ಇಂತಹ ನಿಯಮಗಳನ್ನು ದೂರದ ಕಚೇರಿಯಲ್ಲಿ ಕುಳಿತು ಹೊರಡಿಸಿದರೆ ಸಾಲದು. ದ್ವೀಪದ ಹಿರಿಯರನ್ನೂ ಬೆಸ್ತರನ್ನೂ ಕೂಡಿಸಿಕೊಂಡು, ಯಾವ ಜಾಗವನ್ನು ಯಾವ ದಿನಗಳಲ್ಲಿ ಮುಚ್ಚಬೇಕೆಂಬುದನ್ನು ಅವರ ಬಾಯಿಂದಲೇ ಕೇಳಿ ಮಾಡಿದ ನಿಯಮವು ಮಾತ್ರ ನಿಲ್ಲುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ ಯಂತ್ರದ ದೋಣಿಗಳು ಕಡಲಿಗಿಳಿಯಬಾರದೆಂಬ ನಿಷೇಧವಿದೆ. ಅದು ನಡೆಯುತ್ತಿರುವುದು ಪೊಲೀಸರ ಭಯದಿಂದ ಮಾತ್ರವಲ್ಲ. ಮಳೆಗಾಲದಲ್ಲಿ ಕಡಲಿಗೆ ವಿಶ್ರಾಂತಿ ಬೇಕೆಂಬುದು ಮೊಗವೀರರ ಹಳೆಯ ಕಟ್ಟಳೆಯಾಗಿದ್ದುದೇ ಅದರ ಆಧಾರ.

ಎರಡನೆಯದಾಗಿ ಮಂಗಳೂರಿನವರ ಕರ್ತವ್ಯವೂ ಇದೆ. ೨೦೨೪ರ ಮೇ ತಿಂಗಳಲ್ಲಿ ಬಹುಕಾಲದ ಬಳಿಕ ಲಕ್ಷದ್ವೀಪದ ಪ್ರಯಾಣಿಕರ ಹಡಗೊಂದು ಮಂಗಳೂರಿನ ಹಳೆಯ ಬಂದರಿಗೆ ಬಂದುದನ್ನು ವಾಚಕರು ಮರೆತಿರಲಾರರು. ಆ ದಾರಿಯು ಸ್ಥಿರವಾದರೆ ಹೋಗುವ ಹಡಗಿನಲ್ಲಿ ಪ್ರವಾಸಿಗಳು ಮಾತ್ರವಲ್ಲದೆ ಅಕ್ಕಿ ತರಕಾರಿಗಳೂ, ಬರುವ ಹಡಗಿನಲ್ಲಿ ಮಾಸ್‌ಮೀನೂ ತೆಂಗಿನೆಣ್ಣೆಯೂ ಬರುವಂತಾಗಬೇಕು. ೧೯೬೯ರಲ್ಲಿ ಸ್ಥಾಪಿತವಾದ ಮೀನುಗಾರಿಕಾ ಕಾಲೇಜು ಮಂಗಳೂರಿನಲ್ಲಿಯೇ ಇದೆ. ಚೂರವನ್ನು ಕೆಡದಂತೆ ಇಡುವ ವಿದ್ಯೆಯನ್ನು ದ್ವೀಪದ ತರುಣರಿಗೆ ಕಲಿಸಲು ಇದಕ್ಕಿಂತ ಹತ್ತಿರದ ಮನೆ ಯಾವುದು? ಮುರುಡೇಶ್ವರದ ಎದುರಿನ ನೇತ್ರಾಣಿಯ ಸುತ್ತಲೂ ಹವಳವುಂಟು. ಅದನ್ನು ನೋಡಲು ಜನರು ನೀರಿಗಿಳಿಯುವುದೂ ಉಂಟು. ದ್ವೀಪದಲ್ಲಿ ಕಲಿತ ಪಾಠವು ನಮ್ಮ ತೀರಕ್ಕೂ ಉಪಯೋಗಕ್ಕೆ ಬರುವುದು.

ಮೂರನೆಯದೂ ಮುಖ್ಯವಾದುದೂ ಅತಿಥಿಯ ಕರ್ತವ್ಯ. ಊಟಕ್ಕೆ ಕುಳಿತಾಗ ಅವನು ಮೂರು ಪ್ರಶ್ನೆಗಳನ್ನು ಕೇಳಲಿ: ಇದು ಯಾವ ಮೀನು? ಹೊರಗಡಲಿನದೋ ದಂಡೆಯದೋ? ಗಾಳದಿಂದ ಹಿಡಿದುದೋ ಬಲೆಯಿಂದಲೋ? ಉತ್ತರ ತಿಳಿಯದಿದ್ದರೆ ಚೂರವನ್ನೇ ಕೊಡಿರೆಂದು ಹೇಳಲಿ. ಮನೆಯವರು ಉಣ್ಣುವುದನ್ನೇ ನನಗೂ ಬಡಿಸಿ ಎಂದು ಕೇಳುವುದು ನಮ್ಮ ನಾಡಿನಲ್ಲಿ ನೆಂಟನ ಸೌಜನ್ಯದ ಮೊದಲನೆಯ ಲಕ್ಷಣ. ವಿಶೇಷ ಅಡಿಗೆಗಾಗಿ ಮನೆಯೊಡತಿಯನ್ನು ತೊಂದರೆಪಡಿಸಬಾರದೆಂದು ನಮ್ಮ ಹಿರಿಯರು ಮಕ್ಕಳಿಗೆ ಹೇಳಿ ಕಳುಹಿಸುತ್ತಿದ್ದರು. ಆ ಮಾತನ್ನು ಹಡಗು ಹತ್ತುವಾಗಲೂ ಜ್ಞಾಪಕದಲ್ಲಿಟ್ಟುಕೊಂಡರೆ ಸಾಕು.

ನಮ್ಮ ಮಿತ್ರರು ಮರುದಿನ ಅದೇ ಊಟದ ಮನೆಗೆ ಹೋಗಿ, ಹುಡುಗನ ಮನೆಯಲ್ಲಿ ಮಾಡುವ ಊಟವೇ ತಮಗೂ ಬೇಕೆಂದರಂತೆ. ಅವನು ಮೊದಲು ನಕ್ಕು, ಬಳಿಕ ಒಳಗೆ ಹೋಗಿ ಅನ್ನವನ್ನೂ, ಚೂರದ ಸಾರನ್ನೂ, ತೆಂಗಿನ ತುರಿ ಬೆರಸಿದ ಮಾಸ್‌ಮೀನಿನ ಪುಡಿಯನ್ನೂ ತಂದನು. ಮೊಮ್ಮಗಳು ಎರಡನೆಯ ಸಲ ಬಡಿಸಿಕೊಂಡು ಉಂಡಳು. ಹೊರಡುವಾಗ ಒಳಗಿನಿಂದ ಹುಡುಗನ ತಾಯಿ ಬಾಗಿಲವರೆಗೆ ಬಂದು, ಊಟ ಹಿಡಿಸಿತೇ ಎಂದು ಕೇಳಿದರಂತೆ. ದ್ವೀಪಕ್ಕೆ ಹೋಗುವ ನಮ್ಮ ವಾಚಕರಿಗೂ ಅಂತಹ ಊಟ ದೊರೆಯಲಿ. ಅದನ್ನು ಕೇಳಿ ಪಡೆಯುವ ಬುದ್ಧಿಯೂ ಇರಲಿ ಎಂದು ನಾವು ಹಾರೈಸುತ್ತೇವೆ.